ಮಡಿಸಿ ಕೊಟ್ಟ ಕೂಲಿ

"ಅಕ್ಕಾ, ಮಾಲು!"

ಮೇಲಿನಿಂದ ಕೂಗು ಬಂತು. ದೊಡ್ಡವಳ ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗಾಯಿತು.

ಮರಳು, ಸಿಮೆಂಟು, ನೀರು ಸೇರಿಸಿ ಕಲಸಿದ್ದಕ್ಕೆ ಗಾರೆಯವರು ಮಾಲು ಅನ್ನುತ್ತಾರೆ. ಅದನ್ನು ಕಬ್ಬಿಣದ ಬಾಂಡ್ಲಿಗೆ ತುಂಬಿದಳು. ಹಳೇ ಸೀರೆಯ ಚಿಂದಿ ಸುತ್ತಿ ಮಾಡಿದ ಸಿಂಬಿಯನ್ನು ನೆತ್ತಿಯ ಮೇಲಿಟ್ಟಳು. ಮಂಡಿ ಬಗ್ಗಿಸಿ ಬಾಂಡ್ಲಿ ಎತ್ತಿದಳು. ಕತ್ತು ಹೆಗಲೊಳಗೆ ಇಳಿಯಿತು. ಅಂಚಿನಿಂದ ಸಿಮೆಂಟು ನೀರು ಸೋರಿ ಕಿವಿಯ ಹಿಂದೆ ಹರಿಯಿತು. ಆ ನೀರು ಚರ್ಮ ತಿನ್ನುತ್ತದೆ. ಅವಳ ಕಿವಿಯ ಹಿಂದೆ ಎಷ್ಟೋ ವರ್ಷದಿಂದ ಒಂದು ಹುಣ್ಣು ಒಣಗಿಯೇ ಇಲ್ಲ.

ಮೆಟ್ಟಿಲು ಹತ್ತಿದಳು. ಮೆಟ್ಟಿಲು ಮುಗಿದ ಮೇಲೆ ಏಣಿ, ಏಣಿ ಮುಗಿದ ಮೇಲೆ ಬೊಂಬು ಕಟ್ಟಿದ ಸಾರುವೆ. ತಲೆಯ ಮೇಲೆ ಭಾರ ಇದ್ದವರು ಮುಖ ಎತ್ತುವಂತಿಲ್ಲ. ಎತ್ತಿದರೆ ಕತ್ತು ಹೋಗುತ್ತದೆ. ಹಾಗಾಗಿ ಅವಳಿಗೆ ಮೊದಲು ಕಂಡದ್ದು ಚಿಕ್ಕವಳ ಕಾಲು. ಕಾಲಿನಲ್ಲಿ ಹೊಸ ಚಪ್ಪಲಿ.

"ಬೇಗ ಬಾರಕ್ಕ. ಗೋಡೆ ಒಣಗ್ತಿದೆ," ಅಂದಳು ಚಿಕ್ಕವಳು.

ಇಬ್ಬರೂ ಒಂದೇ ಮನೆಯ ಸೊಸೆಯರು. ಅಣ್ಣನ ಹೆಂಡತಿ ದೊಡ್ಡವಳು, ತಮ್ಮನ ಹೆಂಡತಿ ಚಿಕ್ಕವಳು. ಅಣ್ಣತಮ್ಮಂದಿರಿಬ್ಬರೂ ಗಾರೆಯವರು, ಹೆಂಡಿರಿಬ್ಬರೂ ಹೆಣ್ಣಾಳುಗಳು. ಚಿಕ್ಕವಳು ಮದುವೆಯಾಗಿ ಬಂದಾಗ ಖಾಲಿ ಬಾಂಡ್ಲಿ ಹೊತ್ತರೂ ಓಲಾಡುತ್ತಿದ್ದಳು. ಸಿಂಬಿ ಸುತ್ತುವುದು ಹೇಗೆ, ಏಣಿಯಲ್ಲಿ ಉಸಿರು ಬಿಡುವುದು ಎಲ್ಲಿ, ಮೇಸ್ತ್ರಿ ಬರುವಾಗ ಕೂತಿದ್ದರೆ ಏಳುವುದು ಹೇಗೆ, ಎಲ್ಲ ಕಲಿಸಿದವಳು ದೊಡ್ಡವಳು. ಈಗ ಕಲಿತವಳು ಮೇಲೆ ನಿಂತು ಗೋಡೆಗೆ ಮಾಲು ಬಳಿಯುವ ಕರಣೆ ಹಿಡಿದಿದ್ದಾಳೆ, ಕಲಿಸಿದವಳು ಅವಳ ಕಾಲಬುಡಕ್ಕೆ ಮಾಲು ಸುರಿಯುತ್ತಿದ್ದಾಳೆ. ಹೊಟ್ಟೆ ಉರಿಯಲಿಲ್ಲ ಅಂತ ಸುಳ್ಳು ಯಾಕೆ ಹೇಳಬೇಕು? ಉರಿಯಿತು. ಉಣ್ಣುವಾಗ ಉರಿಯಿತು, ಮಲಗಿದಾಗ ಉರಿಯಿತು, ಎದ್ದು ಬಾಯಿ ಮುಕ್ಕಳಿಸುವಾಗಲೂ ಉರಿಯಿತು.

ಕಟ್ಟಡದ ಕೆಲಸದಲ್ಲಿ ಇರುವುದು ಎರಡೇ ಜಾತಿ. ಕರಣೆ ಹಿಡಿದವರು, ಬಾಂಡ್ಲಿ ಹೊತ್ತವರು. ಕರಣೆಯವರ ಕೂಲಿ ವರ್ಷ ವರ್ಷ ಏರುತ್ತದೆ. ಎಲ್ಲೆಲ್ಲೂ ಕಟ್ಟಡ ಏಳುತ್ತಿದೆ, ಕರಣೆ ಹಿಡಿಯುವ ಕೈ ಸಿಗುತ್ತಿಲ್ಲ. ಬಾಂಡ್ಲಿಯವರ ಕೂಲಿ ಮಾತ್ರ, ಕಟ್ಟಡ ಎಷ್ಟೇ ಮೇಲೆ ಹೋಗಲಿ, ನೆಲ ಬಿಟ್ಟು ಏಳುವುದಿಲ್ಲ. ಅದರಲ್ಲೂ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಬಾಂಡ್ಲಿಯ ಅಳತೆ ಇಬ್ಬರಿಗೂ ಒಂದೇ. ಮಾಲು ಮೇಲಕ್ಕೆ ಎತ್ತುವ ಯಂತ್ರ ಬಾಡಿಗೆಗೆ ಸಿಗುತ್ತದಲ್ಲ ಅಂತ ಯಾರೋ ಕೇಳಿದಾಗ ಮೇಸ್ತ್ರಿ ನಕ್ಕಿದ್ದ. "ಮಿಷನ್ನಿಗೆ ಡೀಸೆಲ್ ಹಾಕಬೇಕು. ಇವರಿಗೆ ಒಂದು ಲೋಟ ಚಹಾ ಸಾಕು." ಹೆಂಗಸರೂ ನಕ್ಕಿದ್ದರು. ನಗದೆ ಇನ್ನೇನು ಮಾಡುತ್ತಾರೆ?

ಚಿಕ್ಕವಳಿಗೆ ಕರಣೆ ಬಂದದ್ದು ಗಂಡನ ಕೈ ಮುರಿದಾಗ. ಅವನು ಸಾರುವೆಯಿಂದ ಜಾರಿ ಬಲಗೈ ಮುರಿದುಕೊಂಡ. ಹಿಡಿದಿದ್ದ ಗೋಡೆಗೆ ಗಿಲಾವು ಅರ್ಧ ಆಗಿತ್ತು, ಅರ್ಧ ಬರೀ ಇಟ್ಟಿಗೆ ಹಾಗೇ ಕಾಣುತ್ತಿತ್ತು. ಗಾರೆಯವರಲ್ಲಿ ಒಂದು ಮಾತಿದೆ: ಒಂದು ಗೋಡೆಗೆ ಒಂದೇ ಕೈ. ಒಬ್ಬ ಶುರು ಮಾಡಿದ ಗೋಡೆಗೆ ಇನ್ನೊಬ್ಬ ಕೈ ಹಾಕಿದರೆ, ಬಿಸಿಲು ಓರೆಯಾಗಿ ಬಿದ್ದ ಹೊತ್ತಿಗೆ ಎರಡು ಕೈ ಸೇರಿದ ಜಾಗ ಹೊಲಿಗೆ ಹಾಕಿದ ಗಾಯದ ಹಾಗೆ ಕಾಣುತ್ತದೆ. ಯಾವ ಗಾರೆಯವನೂ ಆ ಗೋಡೆ ಮುಟ್ಟಲಿಲ್ಲ. ಗಂಡನ ಪಕ್ಕ ವರ್ಷಗಟ್ಟಲೆ ಮಾಲು ಹಿಡಿದು ನಿಂತವಳು ಚಿಕ್ಕವಳು. ಅವನ ಮಣಿಕಟ್ಟು ಎಲ್ಲಿ ತಿರುಗುತ್ತದೆ, ಎಲ್ಲಿ ಒತ್ತುತ್ತದೆ ಅಂತ ಅವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತು. ಕರಣೆ ತೆಗೆದುಕೊಂಡು ಹತ್ತಿದಳು. ಸಂಜೆ ಬಿಸಿಲಿಗೆ ಗೋಡೆ ನೋಡಿದರೆ ಹೊಲಿಗೆಯೇ ಇಲ್ಲ.

ಮೇಸ್ತ್ರಿ ಎಲ್ಲರ ಮುಂದೆ ಅಂದ: "ಇನ್ಮೇಲೆ ಇವಳು ಆಳಲ್ಲ ಕಣ್ರಪ್ಪ. ಗಾರೆಯವಳು!"

ಅವತ್ತು ದೊಡ್ಡವಳೂ ಚಪ್ಪಾಳೆ ತಟ್ಟಿದ್ದಳು. ತಟ್ಟಿದ ಕೈ ರಾತ್ರಿಯೆಲ್ಲ ಉರಿಯಿತು.

ಮಾರನೇ ದಿನ ತಾವು ವಾಸವಿದ್ದ ತಗಡಿನ ಶೆಡ್ಡಿನಲ್ಲಿ ಗಂಡನನ್ನು ಕೇಳಿದಳು. "ರೀ, ನನಗೂ ಒಂದು ಗೋಡೆ ಕೊಡಿಸಿ. ಮೂಲೇದಾದ್ರೂ ಸರಿ."

"ಹೆಂಗಸು ಹಿಡಿದ ಕರಣೆ ಗೋಡೆ ಹಿಡಿಯಲ್ಲ."

"ಅವಳದು ಹಿಡೀತಲ್ಲ?"

"ಅವಳ ಗಂಡನ ಕೈ ಮುರಿದಿದೆ. ನಂದೂ ಮುರೀಲಿ ಅಂತೀಯಾ?"

"ಬಿಡ್ತು ಅನ್ನಿ," ಅಂದಳು. ಅಂದಳೇನೋ ನಿಜ. ಆದರೆ ಒಂದು ಗಳಿಗೆ ಅವನ ಬಲಗೈಯನ್ನೇ ನೋಡುತ್ತ ಕೂತಳು.

ಆಮೇಲೆ ಬಂತು ಫೋಟೋ. ಒಂದು ದಿನ ಬಿಳಿ ಕಾರಿನಲ್ಲಿ ಇಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ. ಬೂಟಿಗೆ ಧೂಳು ತಾಗದ ಹಾಗೆ ಹಲಗೆಯಿಂದ ಹಲಗೆಗೆ ಹೆಜ್ಜೆ ಇಟ್ಟರು. ಕಟ್ಟಡ ಕೆಲಸದಲ್ಲಿ ಹೆಂಗಸರ ಸ್ಥಿತಿ ಈಗ ಸುಧಾರಿಸುತ್ತಿದೆಯಂತೆ, ಅದನ್ನು ನೋಡಲು ಬಂದಿದ್ದಾರಂತೆ. ಮೇಸ್ತ್ರಿ ಚಿಕ್ಕವಳನ್ನು ಎಳೆದು ಮುಂದೆ ನಿಲ್ಲಿಸಿದ. ಎಲ್ಲಿಂದಲೋ ಒಂದು ಹೊಸ ಹಳದಿ ಹೆಲ್ಮೆಟ್ ತಂದು ಅವಳ ತಲೆಗೆ ಇಟ್ಟ. ದೊಡ್ಡವಳು ಬಾಂಡ್ಲಿ ಹೊತ್ತು ಅವಳ ಪಕ್ಕದಲ್ಲೇ ನಿಂತಿದ್ದಳು.

"ನೀವು ಸ್ವಲ್ಪ ಆ ಕಡೆ ಹೋಗಿಮ್ಮ," ಅಂದ ಫೋಟೋದವನು. ಅವಳು ಸರಿದಳು. "ಇನ್ನೂ ಸ್ವಲ್ಪ." ಇನ್ನೂ ಸರಿದಳು.

ಆ ಫೋಟೋ ದೊಡ್ಡದಾಗಿ ಮಾಡಿಸಿ ಮೇಸ್ತ್ರಿ ಕೂರುವ ಕೋಣೆಯ ಗೋಡೆಗೆ ಹಾಕಿದರು. ನಡುವೆ ಚಿಕ್ಕವಳು, ಹೆಲ್ಮೆಟ್, ಕರಣೆ, ಹಲ್ಲು ಕಾಣುವ ನಗು. ಒಂದು ಅಂಚಿನಲ್ಲಿ ಕಬ್ಬಿಣದ ಬಾಂಡ್ಲಿಯ ತುದಿ, ಅದನ್ನು ಹಿಡಿದ ನಾಲ್ಕು ಬೆರಳು. ಆ ಬೆರಳು ದೊಡ್ಡವಳದು. ನೀರು ಕುಡಿಯುವ ನೆಪದಲ್ಲಿ ಅವಳು ಆ ಕೋಣೆಯ ಮುಂದೆ ದಿನಾ ಹಾದು ಹೋಗುತ್ತಿದ್ದಳು, ತನ್ನ ಬೆರಳು ನೋಡಿಕೊಳ್ಳಲು.

ಹೆಲ್ಮೆಟ್ಟನ್ನು ಮೇಸ್ತ್ರಿ ಅವತ್ತೇ ವಾಪಸು ಕೇಳಲು ಮರೆತ. ಚಿಕ್ಕವಳು ಅದನ್ನು ಶೆಡ್ಡಿಗೂ ಹಾಕಿಕೊಂಡು ಹೋದಳು. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇವಳು ಒಲೆ ಮುಂದೇನೂ ಹೆಲ್ಮೆಟ್ ತೆಗೆಯಲ್ಲ!" ಅಂತ ದೊಡ್ಡವಳು ನಲ್ಲಿಯ ಹತ್ತಿರ ಹೆಂಗಸರಿಗೆಲ್ಲ ಹೇಳಿ ನಗಿಸಿದಳು. ಎಲ್ಲರಿಗಿಂತ ಹೆಚ್ಚು ನಕ್ಕವಳು ಕೆಮ್ಮಜ್ಜಿ. ಮಾತಿಗೊಂದು ಸಲ ಕೆಮ್ಮುತ್ತಾಳೆ ಅಂತ ಆ ಹೆಸರು. ಹೆಣ್ಣಾಳುಗಳಲ್ಲೆಲ್ಲ ಹಿರಿಯಳು. ಸಿಮೆಂಟು ಧೂಳು ಕುಡಿದು ಎದೆ ಗಟ್ಟಿಯಾಗಿದೆ, ಬಾಯಿ ಇನ್ನೂ ಗಟ್ಟಿ.

ಇಷ್ಟೆಲ್ಲ ಹೋಗಲಿ. ದೊಡ್ಡವಳ ಕರುಳು ಕಿತ್ತದ್ದು ಬಟವಾಡೆ.

ಅಲ್ಲಿ ವಾರಕ್ಕೊಂದು ಸಲ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಬಟವಾಡೆ. ಯಾರಿಗೆ ಎಷ್ಟು ಅಂತ ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಮೇಸ್ತ್ರಿ ನೋಟನ್ನು ಸಣ್ಣಗೆ ಮಡಿಸಿ ಅಂಗೈಗೆ ಒತ್ತುತ್ತಾನೆ. ತೆಗೆದುಕೊಂಡವರು ಮುಷ್ಟಿ ಮುಚ್ಚಿ ಹಾಗೇ ಹೋಗಬೇಕು. ಅಲ್ಲೇ ಬಿಚ್ಚಿ ಎಣಿಸಿದರೆ ಮೇಸ್ತ್ರಿಯನ್ನು ಕಳ್ಳ ಅಂದ ಹಾಗೆ. ಹಾಗೆ ಎಣಿಸಿದವನು ಮರುದಿನ ಬೇರೆ ಕಡೆ ಕೆಲಸ ಹುಡುಕಬೇಕು. ಗಂಡ ಹೆಂಡತಿ ಇಬ್ಬರೂ ದುಡಿದರೆ ಜೋಡಿ ಕೂಲಿ. ಎರಡೂ ಸೇರಿಸಿ ಗಂಡನ ಅಂಗೈಗೆ ಹೋಗುತ್ತದೆ. ಇಷ್ಟು ವರ್ಷ ಬಾಂಡ್ಲಿ ಹೊತ್ತರೂ ದೊಡ್ಡವಳ ಅಂಗೈಗೆ ಒಂದು ಸಲವೂ ಆ ಮಡಿಕೆ ಬಿದ್ದಿಲ್ಲ.

ಚಿಕ್ಕವಳ ಅಂಗೈಗೆ ಬೀಳುತ್ತಿತ್ತು. ಗಂಡ ಕೈಗೆ ಕಟ್ಟು ಹಾಕಿಕೊಂಡು ಶೆಡ್ಡಿನಲ್ಲಿ ಮಲಗಿದ್ದಾನಲ್ಲ, ಅವಳೇ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದಳು. ಮೇಸ್ತ್ರಿ ಒತ್ತುತ್ತಿದ್ದ, ಅವಳು ಮುಷ್ಟಿ ಮುಚ್ಚಿ ತಲೆ ಎತ್ತಿಕೊಂಡು ಹೋಗುತ್ತಿದ್ದಳು. ಮಡಿಕೆ ದಪ್ಪ ಇದ್ದ ಹಾಗೆ ದೊಡ್ಡವಳಿಗೆ ಕಾಣುತ್ತಿತ್ತು. ಗಾರೆಯವರ ಕೂಲಿ ಅಂದರೆ ದಪ್ಪ ಇರಲೇಬೇಕಲ್ಲ. ಹೊಸ ಚಪ್ಪಲಿ ಎಲ್ಲಿಂದ ಬಂತು ಮತ್ತೆ? ಕಿವಿಯ ಓಲೆ ತೆಗೆದು ತೂತಿಗೆ ಕಡ್ಡಿ ಸಿಕ್ಕಿಸಿಕೊಂಡಿದ್ದಾಳಲ್ಲ, ಯಾಕೆ? ಹಳೇದು ಕೊಟ್ಟು ದೊಡ್ಡ ಓಲೆ ಮಾಡಿಸಲು ಹಾಕಿದ್ದಾಳೆ, ಇನ್ನೇನು!

"ಓಲೆ ಎಲ್ಲೇ?" ಅಂತ ಒಂದು ದಿನ ಕೇಳಿಯೂ ಬಿಟ್ಟಳು.

ಚಿಕ್ಕವಳು ಕಿವಿ ಮುಟ್ಟಿಕೊಂಡು ನಕ್ಕಳು. "ಬರುತ್ತೆ ಬಿಡಕ್ಕ. ಬಂದಾಗ ನೀನೇ ನೋಡುವೆಯಂತೆ."

ಆ ನಗು ದೊಡ್ಡವಳ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

ಅವಳು ಮಾಡಬಾರದ್ದನ್ನು ಮಾಡಿದ್ದು ಆಗ. ಮುಂಬಾಗಿಲ ಗೋಡೆ ಚಿಕ್ಕವಳ ಪಾಲಿಗೆ ಬಂದಿತ್ತು. ಬಂದವರ ಕಣ್ಣು ಮೊದಲು ಬೀಳುವ ಗೋಡೆ, ಹಳಬ ಗಾರೆಯವರೂ ಆಸೆಪಡುವ ಗೋಡೆ. ಮಾಲು ಕಲಸುವವಳು ದೊಡ್ಡವಳು. ಸುತ್ತ ನೋಡಿದಳು. ಮರಳಿನ ಬುಟ್ಟಿ ಹೆಚ್ಚು ಸುರಿದಳು. ಸಿಮೆಂಟಿನ ಬುಟ್ಟಿ ಅರ್ಧಕ್ಕೆ ತಡೆದಳು. ನೀರು ಸೇರಿಸಿ ಸಲಿಕೆಯಿಂದ ಮಗುಚಿದಳು. ಬಣ್ಣ ಸ್ವಲ್ಪ ಮಂಕಾಯಿತು ಅಷ್ಟೇ. ಕಜ್ಜಿ ತುರಿಸಿಕೊಂಡಷ್ಟು ಸುಖವಾಯಿತು.

"ಯಾಕಕ್ಕ, ಇವತ್ತು ಮಾಲು ಕೈಗೆ ಹಿಡೀತಿಲ್ಲ?" ಅಂದಳು ಮೇಲಿನಿಂದ ಚಿಕ್ಕವಳು.

"ಮಾಲು ಸರಿಯಾಗೇ ಇದೆ. ನಿನ್ನ ಕೈ ಇನ್ನೂ ಕೂತಿಲ್ಲ ಕಣೇ."

ಚಿಕ್ಕವಳು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಹೊಸಬರಿಗೆ ತಮ್ಮ ಕೈ ಮೇಲೇ ಅನುಮಾನ ಜಾಸ್ತಿ. ಒತ್ತಿ ಒತ್ತಿ ಬಳಿದಳು. ಕತ್ತಲಾಗುವ ತನಕ ಬಳಿದಳು.

ಕೆಲವು ದಿನಕ್ಕೆ ಗೋಡೆ ಬಿರುಕು ಬಿಟ್ಟಿತು. ಬಟವಾಡೆಯ ದಿನ ಬೆಳಿಗ್ಗೆ ನೋಡಿದರೆ ಬಾಗಿಲ ಮೇಲಿನ ಗಿಲಾವು ಪೂರ್ತಿ ಕಳಚಿ ನೆಲಕ್ಕೆ ಬಿದ್ದಿತ್ತು. ಉಳಿದದ್ದನ್ನು ತಟ್ಟಿದರೆ ಖಾಲಿ ಡಬ್ಬದ ಸದ್ದು. ದೊಡ್ಡವಳು ಬಾಂಡ್ಲಿ ಹಿಡಿದು ನಿಂತು ನೋಡಿದಳು. ಖುಷಿಯಾಯಿತು. ತುಟಿ ಕಚ್ಚಿ ನಗು ತಡೆದಳು. ಚಿಕ್ಕವಳು ಬಿದ್ದ ಚೂರುಗಳನ್ನು ಕೈಯಲ್ಲಿ ಪುಡಿ ಮಾಡಿ ನೋಡಿದಳು, ಮೂಸಿದಳು, ಒಂದು ಮಾತೂ ಆಡಲಿಲ್ಲ.

ಮೇಸ್ತ್ರಿ ಆಡಿದ. ಅವನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಅವಳ ತಾಯಿಯನ್ನು ಬಿಡಲಿಲ್ಲ, ಮುರಿದ ಕೈಯ ಗಂಡನನ್ನು ಬಿಡಲಿಲ್ಲ. ನಾಳೆ ಬೆಳಿಗ್ಗೆ ಕಟ್ಟಡದ ಮಾಲೀಕರು ನೋಡಲು ಬರುತ್ತಾರೆ, ಮುಂಬಾಗಿಲೇ ಹೀಗೆ ಬೆತ್ತಲೆ ನಿಂತಿದೆ. "ಗೋಡೆ ಪೂರ್ತಿ ಕೆರೀಬೇಕು. ಹೊಸದಾಗಿ ಹಾಕಬೇಕು. ಇವತ್ತೇ!" ಅಂದ. ಊಟದ ಹೊತ್ತಿನ ತನಕ ಚಿಕ್ಕವಳು ಬಗ್ಗಿ ಬಗ್ಗಿ ಕೆರೆದಳು. ದೊಡ್ಡವಳು ಕೆಳಗೆ ಹೊಸ ಮಾಲು ಕಲಸಿಟ್ಟಳು.

ಬಟವಾಡೆ ಶುರುವಾಯಿತು. ಸಾಲು ನಿಂತರು. ಒಂದೊಂದೇ ಮಡಿಕೆ ಒಂದೊಂದೇ ಅಂಗೈಗೆ. ದೊಡ್ಡವಳ ಗಂಡ ಜೋಡಿ ಕೂಲಿ ತೆಗೆದುಕೊಂಡು ಮುಷ್ಟಿ ಮುಚ್ಚಿದ. ಅವನ ಹಿಂದೆ ಚಿಕ್ಕವಳು. ಮೇಸ್ತ್ರಿ ಅವಳ ಅಂಗೈಗೆ ಒತ್ತಿ, "ಹಾಳಾದ ಗೋಡೇದು ಹಿಡ್ಕೊಂಡಿದ್ದೀನಿ," ಅಂದ.

ಚಿಕ್ಕವಳು ಹೋಗಲಿಲ್ಲ. ಮುಷ್ಟಿಯನ್ನೂ ಮುಚ್ಚಲಿಲ್ಲ. ನಿಂತ ಜಾಗದಲ್ಲೇ, ಮೇಸ್ತ್ರಿಯ ಮೂಗಿನ ಕೆಳಗೇ, ಮಡಿಕೆ ಬಿಚ್ಚಿದಳು.

ಸಾಲು ಮುಂದೆ ಸರಿಯುವುದು ನಿಂತಿತು. ಕೆಮ್ಮಜ್ಜಿಯ ಕೆಮ್ಮೂ ನಿಂತಿತು.

ದೊಡ್ಡವಳು ಕತ್ತು ಉದ್ದ ಮಾಡಿ ನೋಡಿದಳು. ಎಷ್ಟು ದಿನದಿಂದ ನೋಡಬೇಕು ಅಂದುಕೊಂಡಿದ್ದ ಮಡಿಕೆ ಅದು. ಒಳಗೆ ಏನಿತ್ತು? ಏನೂ ಇರಲಿಲ್ಲ. ಎರಡು ನಮೂನೆಯ ಹರಕು ನೋಟು, ಒಂದಷ್ಟು ಚಿಲ್ಲರೆ. ಕೆಮ್ಮಜ್ಜಿಗೆ ಬರುವುದಕ್ಕಿಂತ ಕಡಿಮೆ.

"ಏನೇ ಅದು, ಎಣಿಸ್ತೀಯಾ?" ಅಂದ ಮೇಸ್ತ್ರಿ.

"ಎಣಿಸೋಕೆ ಏನಿದೆ ಇದ್ರಲ್ಲಿ?" ಅಂದಳು ಚಿಕ್ಕವಳು. "ಕರಣೆ ಕೊಟ್ಟ ದಿನದಿಂದ ನನಗೆ ಹೆಣ್ಣಾಳು ಕೂಲಿನೇ ಕೊಡ್ತಿದ್ದೀರಿ. ಕೇಳಿದಾಗೆಲ್ಲ ಕೈ ಕೂರ್ಲಿ, ಆಮೇಲೆ ನೋಡೋಣ ಅಂದ್ರಿ. ಸರಿ ಅಂದೆ. ಈಗ ಗೋಡೆ ಬಿತ್ತು ಅಂತ ಗಾರೆಯವರಿಗೆ ಹಾಕೋ ದಂಡ ಹಾಕ್ತೀರಿ. ಕೂಲಿ ಕೊಡೋವಾಗ ನಾನು ಆಳು, ದಂಡ ಹಾಕೋವಾಗ ಗಾರೆಯವಳಾ? ಗಂಡನ ಕೈಗೆ ಕಟ್ಟು ಹಾಕಿಸೋಕೆ ಕಿವಿಯ ಓಲೆ ಮಾರಿದೀನಿ ನಾನು. ಇನ್ನು ಏನು ಮಾರಲಿ?"

ಹೆಣ್ಣಾಳು ಕೂಲಿ.

ದೊಡ್ಡವಳ ಕಿವಿಯಲ್ಲಿ ಗುಂಯ್ ಅಂದಿತು. ಓಲೆ ಮಾಡಿಸಲು ಹಾಕಿಲ್ಲ, ಮಾರಿದ್ದಾಳೆ. ಚಪ್ಪಲಿ? ಚಪ್ಪಲಿಯ ಕಡೆ ಈಗ ಸರಿಯಾಗಿ ನೋಡಿದಳು. ಎಡದ್ದು ಒಂದು ಬಣ್ಣ, ಬಲದ್ದು ಇನ್ನೊಂದು. ಯಾರೋ ಬಿಸಾಡಿದ್ದನ್ನು ತೊಳೆದು ಹಾಕಿಕೊಂಡಿದ್ದಾಳೆ. ತಲೆ ಮೇಲೆ ಬಾಂಡ್ಲಿ, ಎದೆಯಲ್ಲಿ ಉರಿ, ಕಣ್ಣು ಎಲ್ಲಿ ಸರಿಯಾಗಿ ಕಾಣಬೇಕು? ಇಷ್ಟು ದಿನ ನಿದ್ದೆ ಬಿಟ್ಟು, ಅನ್ನ ಬಿಟ್ಟು, ಒಂದು ಗೋಡೆ ಕೆಡವಿ ಹೊಟ್ಟೆ ಉರಿದುಕೊಂಡದ್ದು ಈ ಹರಕು ನೋಟಿಗಾ?

"ಇಳಿಸು ಕರಣೆ," ಅಂದ ಮೇಸ್ತ್ರಿ. ಅವನು ಕೂಗಲಿಲ್ಲ. ಕೂಗದಿದ್ದಾಗಲೇ ಅವನನ್ನು ಕಂಡರೆ ಭಯ. ಚಿಕ್ಕವಳ ಕೈಯಿಂದ ಕರಣೆ ಕಿತ್ತುಕೊಂಡ. ಸಾಲಿನ ಮೇಲೆ ಕಣ್ಣು ಓಡಿಸಿ ದೊಡ್ಡವಳ ಮೇಲೆ ನಿಲ್ಲಿಸಿದ. "ಬಾ ಇಲ್ಲಿ. ನಿನ್ನ ಕಣ್ಣು ಇದರ ಮೇಲೇ ಇದೆ ಅಂತ ನನಗೆ ಗೊತ್ತಿಲ್ವಾ? ಹಿಡ್ಕೊ. ಗೋಡೆ ಬರೀ ಇಟ್ಟಿಗೆ ಆಗಿದೆ, ಇನ್ನೊಬ್ಬರ ಕೈ ಗುರುತು ಇಲ್ಲ. ಇವತ್ತಿಂದ ನೀನೇ ಗಾರೆಯವಳು."

ಕರಣೆ ಅವಳ ಮುಂದೆ ಬಂತು. ಹಿಡಿಯ ಮರ ಸವೆದು ಹೊಳೆಯುತ್ತಿತ್ತು. ಅದನ್ನು ಹಿಡಿಯುವ ಕನಸು ಅವಳು ಎಷ್ಟು ಸಲ ಕಂಡಿದ್ದಳೋ. ಅಂಗೈ ತಾನಾಗಿ ಬಿಚ್ಚಿತು.

ಗಂಡ ಹಿಂದಿನಿಂದ ಪಿಸುಗುಟ್ಟಿದ. "ತಗೋ. ತಗೊಳೇ. ಇಲ್ದಿದ್ರೆ ಇಬ್ಬರ ಕೆಲಸಾನೂ ಹೋಗುತ್ತೆ."

"ಹೆಂಗಸು ಹಿಡಿದ ಕರಣೆ ಗೋಡೆ ಹಿಡಿಯಲ್ಲ ಅಂದಿದ್ರಿ?"

ಅವನು ನೆಲ ನೋಡಿದ. "ಕೂಲಿ ಜಾಸ್ತಿ ಮಾಡಿ ಅಂತ ನಾವು ಗಾರೆಯವರು ಕೇಳಿದಾಗೆಲ್ಲ ಮೇಸ್ತ್ರಿ ಇವಳ ಕಡೆ ಬೆರಳು ತೋರಿಸ್ತಾನೆ ಕಣೇ. ಅರ್ಧ ಕೂಲಿಗೆ ಗೋಡೆ ಏಳುತ್ತೆ ನೋಡಿ ಅಂತಾನೆ. ನಾವೇನು ಮಾಡೋಣ?"

ಅಂದರೆ ಗಂಡಸರಿಗೆ ಗೊತ್ತಿತ್ತು. ಇವಳಿಗೊಬ್ಬಳಿಗೆ ಗೊತ್ತಿರಲಿಲ್ಲ. ಇವಳು ಹೊಟ್ಟೆ ಉರಿದುಕೊಳ್ಳಲಿ ಅಂತ ಬಿಟ್ಟಿದ್ದರು. ಉರಿಯುವವಳು ಪಕ್ಕದವಳ ಮಡಿಕೆ ನೋಡುತ್ತಾಳೆ, ಮಡಿಸಿದವನ ಕೈ ನೋಡುವುದಿಲ್ಲ.

ದೊಡ್ಡವಳು ಬಿಚ್ಚಿದ ಅಂಗೈಯನ್ನು ಮುಚ್ಚಿದಳು.

"ಯಾವ ಕೂಲಿಗೆ?" ಅಂದಳು.

"ಏನು?"

"ಕರಣೆ ಯಾವ ಕೂಲಿಗೆ ಕೊಡ್ತಿದ್ದೀರಿ ಮೇಸ್ತ್ರಿ? ಬಾಯಿಬಿಟ್ಟು ಹೇಳಿ. ಎಲ್ಲರೂ ಕೇಳ್ಲಿ."

"ಮೊದಲು ಕೈ ಕೂರ್ಲಿ..."

"ಇಪ್ಪತ್ತು ವರ್ಷದಿಂದ ಕತ್ತು ಕೂತಿದೆ. ಅದಕ್ಕೇನಾದ್ರೂ ಕೊಟ್ರಾ?" ಅವಳ ಬಾಯಿ ಒಂದು ಸಲ ಬಿಚ್ಚಿದರೆ ಮುಚ್ಚುವುದು ಕಷ್ಟ. "ಇವಳನ್ನ ನೋಡಿ ನೋಡಿ ಎದೆ ಸುಟ್ಕೊಂಡೆ ನಾನು. ಇವಳ ಕೂಲಿ ನೋಡಿ. ಇಲ್ಲದೇ ಇರೋ ಕೂಲಿ ನೋಡಿ! ಇವಳಿಗೆ ಕೂಲೀಲಿ ಮೋಸ ಮಾಡಿದ್ರಿ, ಸರಿ. ನನಗೆ ಹೊಟ್ಟೆಕಿಚ್ಚಲ್ಲೂ ಮೋಸ ಮಾಡಿದ್ರಲ್ರೀ! ಆ ಗೋಡೆ ಬಿದ್ದಿದ್ದು ಇವಳ ಕೈಯಿಂದ ಅಲ್ಲ. ಮಾಲಿಗೆ ಮರಳು ಜಾಸ್ತಿ ಹಾಕಿದ್ದು ನಾನು. ದಂಡ ಹಾಕೋದಿದ್ರೆ ನನಗೆ ಹಾಕಿ. ಮೊದಲು ಇವಳಿಗೆ ಗಾರೆಯವರ ಕೂಲಿ ಕೊಡಿ. ಕೊಟ್ಟ ಮೇಲೆ ನಾನು ಉರ್ಕೊಳ್ಳೋದಿದ್ರೆ ಉರ್ಕೊತೀನಿ."

ಚಿಕ್ಕವಳು ಗಕ್ಕನೆ ತಿರುಗಿ ಅವಳನ್ನು ನೋಡಿದಳು.

ಮೇಸ್ತ್ರಿ ದಡ್ಡನಲ್ಲ. ಕಲಸಿಟ್ಟ ಮಾಲು ಗಟ್ಟಿಯಾಗುತ್ತಿದೆ, ನಾಳೆ ಮಾಲೀಕರು ಬರುತ್ತಾರೆ, ಗಾರೆಯವರೆಲ್ಲ ಕಿವಿ ನೆಟ್ಟಗೆ ಮಾಡಿ ನಿಂತಿದ್ದಾರೆ. ಒಂದು ಗಳಿಗೆ ಯೋಚಿಸಿದ. ಕರಣೆಯನ್ನು ಚಿಕ್ಕವಳ ಕೈಗೆ ವಾಪಸು ಇಟ್ಟ. "ತಗೋ. ಇವತ್ತಿಂದ ನಿನಗೆ ಗಾರೆಯವರ ಕೂಲಿ," ಅಂದ. ಎಷ್ಟು ಅಂತಲೂ ಗಟ್ಟಿಯಾಗಿ ಹೇಳಿದ. ಆ ಕಟ್ಟಡದಲ್ಲಿ ಒಬ್ಬರ ಕೂಲಿಯನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ ದೊಡ್ಡವಳ ಕಡೆ ತಿರುಗಿದ. "ನೀನು ಗೇಟಿನಿಂದ ಹೊರಗೆ ನಡಿ. ಮಾಲು ಕೆಡಿಸಿದವಳಿಗೆ ಇಲ್ಲಿ ಕೆಲಸ ಇಲ್ಲ."

ಈಗ ಉರಿಯಿತು. ಸುಳ್ಳಲ್ಲ, ಈಗಲೇ ನಿಜವಾಗಿ ಉರಿದದ್ದು. ಅವಳು ಬಾಯಿ ಬಿಟ್ಟು ಕೇಳಿದ್ದು ಬಂತು, ಆದರೆ ಕೇಳಿದವಳಿಗಲ್ಲ, ಪಕ್ಕದವಳಿಗೆ. ಚಿಕ್ಕವಳು ಕರಣೆ ಹಿಡಿದು ನಿಂತಿದ್ದಾಳೆ, ಬೇಡ ಅನ್ನುತ್ತಿಲ್ಲ. ಹೇಗೆ ಅಂದಾಳು? ಶೆಡ್ಡಿನಲ್ಲಿ ಕೈ ಮುರಿದವನು ಮಲಗಿದ್ದಾನೆ.

"ಹತ್ತು," ಅಂದಳು ದೊಡ್ಡವಳು. "ನಿಂತ್ಕೊಂಡು ನನ್ನ ಮುಖ ಏನು ನೋಡ್ತೀಯಾ? ಹತ್ತಿ ನಿನ್ನ ಗೋಡೆ ಹಾಕ್ಕೋ ಹೋಗು."

ಸಿಂಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಗಂಡ ಹಿಂದೆ ಬರುತ್ತಾನೇನೋ ಅಂತ ಒಂದು ಸಲ ತಿರುಗಿದಳು. ಅವನು ಮುಷ್ಟಿ ಮುಚ್ಚಿ ಅಲ್ಲೇ ನಿಂತಿದ್ದ. ಆ ಮುಷ್ಟಿಯೊಳಗೆ ಅವಳ ಕೂಲಿಯೂ ಇತ್ತು. ವಾಪಸು ಬಂದಳು. "ಬಿಚ್ಚಿ," ಅಂದಳು. ಅವನು ಬಿಚ್ಚಿದ. ತನ್ನ ಪಾಲು ಎತ್ತಿಕೊಂಡು, ಉಳಿದದ್ದನ್ನು ಅವನ ಅಂಗೈಯಲ್ಲೇ ಬಿಟ್ಟು, ಗೇಟಿನ ಹೊರಗೆ ಬಿದ್ದಿದ್ದ ಇಟ್ಟಿಗೆ ರಾಶಿಯ ಮೇಲೆ ಹೋಗಿ ಕೂತಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು.

"ಅಕ್ಕಾ, ಮಾಲು!"

ಅಭ್ಯಾಸ ಬಲ. ಕೂಗಿದ ಮೇಲೆ ಚಿಕ್ಕವಳಿಗೂ ಗೊತ್ತಾಗಿರಬೇಕು. ಮತ್ತೆ ಕೂಗು ಬರಲಿಲ್ಲ. ಮೇಸ್ತ್ರಿಯ ಧ್ವನಿ ಬಂತು: "ಯಾರಾದ್ರೂ ಬಾಂಡ್ಲಿ ಎತ್ರೇ!"

"ನನ್ನ ಸೊಂಟ ಹಿಡಿದಿದೆ ಮೇಸ್ತ್ರಿ," ಅಂದಳು ಕೆಮ್ಮಜ್ಜಿ. ಒಂದು ಉದ್ದನೆಯ ಕೆಮ್ಮನ್ನೂ ಸೇರಿಸಿದಳು.

"ಅಯ್ಯೋ, ನಂದೂ," ಅಂದಳು ಇನ್ನೊಬ್ಬಳು.

"ನಂದು ಬೆಳಿಗ್ಗೆಯಿಂದ್ಲೇ."

ಎಲ್ಲ ಹೆಣ್ಣಾಳುಗಳ ಸೊಂಟವೂ ಒಂದೇ ಸಲ ಹಿಡಿದುಕೊಂಡಿತು. ಮೇಸ್ತ್ರಿ ಗಂಡಾಳನ್ನು ಕರೆದ. ಹೆಂಗಸರ ಪಾಲಿನ ಬಾಂಡ್ಲಿಯನ್ನೂ ನಾನು ಹೊರಬೇಕಾ, ಹಾಗಿದ್ದರೆ ಕೂಲಿ ಬೇರೆ ಮಾತಾಡಿ ಅಂದ ಅವನು. ದೊಡ್ಡವಳು ಹೊರಗೆ ಕೂತು ಕೇಳಿಸಿಕೊಂಡಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಚಿಕ್ಕವಳು ಗೇಟು ದಾಟಿ ಬಂದಳು. ಕರಣೆ ಕೈಯಲ್ಲೇ ಇತ್ತು, ಒಣಗಿತ್ತು. ಪಕ್ಕದಲ್ಲಿ ಕೂರಲಿಲ್ಲ, ಎದುರಿಗೆ ನಿಂತಳು.

"ನನ್ನ ಗೋಡೆ ಯಾಕೆ ಕೆಡಿಸ್ದೆ?"

"ಹೊಟ್ಟೆ ಉರಿ ಕಣೇ. ಇನ್ಯಾಕೆ?"

"ನನ್ನ ಕೈನೇ ಸರಿಯಿಲ್ಲ ಅಂದ್ಕೊಂಡು ಅತ್ತಿದೀನಿ ನಾನು."

"ಅಳು. ನಾನೇನು ಕಮ್ಮಿ ಅತ್ತಿದೀನಾ? ಹೆಣ್ಣಾಳು ಕೂಲಿ ಅಂತ ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ಚಿಕ್ಕವಳು ಕರಣೆಯ ಅಂಚಿನಿಂದ ಹೆಬ್ಬೆರಳಿನ ಸಿಮೆಂಟು ಕೆರೆದುಕೊಂಡಳು. "ಹೇಗೆ ಹೇಳಲಿ? ಗಾರೆಯವಳು ಅಂತ ಹೆಸರು ಬಂತು, ಕೂಲಿ ಬರಲಿಲ್ಲ. ನೀನು ಬಾಂಡ್ಲಿ ತಂದು ಇಳಿಸ್ತಾ ಮುಖ ಸಿಂಡರಿಸ್ತಿದ್ಯಲ್ಲ, ಅದನ್ನ ನೋಡಿದಾಗ ಮಾತ್ರ ನಾನು ನಿಜವಾಗ್ಲೂ ಗಾರೆಯವಳು ಅನ್ನಿಸ್ತಿತ್ತು. ನಿನ್ನ ಹೊಟ್ಟೆಕಿಚ್ಚು ಒಂದೇ ಅಕ್ಕ ನನಗೆ ಹೆಚ್ಚಿಗೆ ಸಿಗ್ತಿದ್ದ ಕೂಲಿ. ಅದನ್ನೂ ಬಿಡು ಅಂದ್ರೆ ಹೇಗೆ ಬಿಡಲಿ?"

ದೊಡ್ಡವಳು ಅವಳ ಕಿವಿಯ ಕಡ್ಡಿ ನೋಡಿದಳು. ಸ್ವಲ್ಪ ಸರಿದು ಇಟ್ಟಿಗೆಯ ಮೇಲೆ ಜಾಗ ಮಾಡಿದಳು. ಚಿಕ್ಕವಳು ಕೂತಳು.

"ಈಗ ನಿಜವಾದ ಕೂಲಿ ಬರುತ್ತಲ್ಲ," ಅಂದಳು ದೊಡ್ಡವಳು. "ಇನ್ಮೇಲೆ ಉರಿದ್ರೆ ಲೆಕ್ಕಕ್ಕಾದ್ರೂ ಬರುತ್ತೆ."

"ಉರೀತಿದ್ಯಾ?"

"ಬೆಂಕಿ ಹತ್ತಿದೆ."

ಒಳಗೆ ಯಾರೋ ಸಲಿಕೆಯಿಂದ ಮಾಲು ಕೆದಕಿದರು. ಅದು ಕಲ್ಲಿನ ಸದ್ದು ಮಾಡಿತು. ಬಿಸಿಲು ಓರೆಯಾಗಿ ಮುಂಬಾಗಿಲಿನ ಬರೀ ಇಟ್ಟಿಗೆಯ ಮೇಲೆ ಬಿದ್ದಿತ್ತು. ಮೇಸ್ತ್ರಿ ಗೇಟಿನ ತನಕ ಬಂದ, ನಿಂತ, ಹಿಂದಕ್ಕೆ ಹೋದ, ಮತ್ತೆ ಬಂದ. ಕೊನೆಗೆ ದೊಡ್ಡವಳ ಮುಖ ನೋಡದೆ, ರಸ್ತೆ ನೋಡುತ್ತ, "ಹೋಗ್ಲಿ ಬಾ. ಹೊಸ ಮಾಲು ಕಲಸು," ಅಂದ.

ದೊಡ್ಡವಳು ಏಳಲಿಲ್ಲ. ಸೊಂಟದಿಂದ ಸಿಂಬಿ ತೆಗೆದು, ಕೊಡವಿ, ತೊಡೆಯ ಮೇಲಿಟ್ಟುಕೊಂಡಳು.

"ಯಾವ ಕೂಲಿಗೆ?" ಅಂದಳು.